ಈ ಅಂಕ ಯಾವ ಪ್ರಶ್ನೆಗೆ ಉತ್ತರ?

ಫಲಿತಾಂಶದ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳು ಜಾಸ್ತಿಯಾಗುತ್ತವೆ. ಈ ಸಲ ಬಂದವು ಹೆಚ್ಚೂಕಮ್ಮಿ ಎಲ್ಲವೂ ಪ್ರೌಢಶಾಲೆಯ ಪರೀಕ್ಷೆ, ಮೌಲ್ಯಮಾಪನ, ಶಾಲೆಯ ರಿಸಲ್ಟ್ ಕುರಿತೇ ಇವೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಪ್ರಶ್ನೆಪತ್ರಿಕೆ ತೆಗೆದಿದ್ದೇನೆ, ಉತ್ತರ ಪತ್ರಿಕೆ ತಿದ್ದಿದ್ದೇನೆ, ಬೇರೆಯವರು ತಿದ್ದಿದ್ದನ್ನು ಪರಿಶೀಲಿಸಿದ್ದೇನೆ. ಹಾಗಾಗಿ ಒಳಗಡೆಯಿಂದ ಕಂಡದ್ದನ್ನು ಹೇಳುತ್ತೇನೆ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ, ಬರೆದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಭಾಷೆಯಲ್ಲಿ 71 ಬಂದಿತ್ತು. ಮರುಮೌಲ್ಯಮಾಪನಕ್ಕೆ ಹಾಕಿದೆವು, 78 ಆಯಿತು. ಖುಷಿಪಡಬೇಕಿತ್ತು, ಆದರೆ ನನಗೆ ಭಯವೇ ಆಯಿತು. ಅದೇ ಹಾಳೆ, ಅದೇ ಉತ್ತರ. ಏಳು ಅಂಕ ಎಲ್ಲಿಂದ ಬಂತು? ಉಳಿದ ವಿಷಯಗಳ ಅಂಕವನ್ನಾದರೂ ನಂಬುವುದು ಹೇಗೆ? — ಒಬ್ಬ ತಾಯಿ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಆದರೆ ಅದರಲ್ಲಿ ಮೋಸ ಇರಲೇಬೇಕು ಅಂತೇನಿಲ್ಲ. ತಿದ್ದುವ ಮೇಜಿನ ಮುಂದೆ ಏನು ನಡೆಯುತ್ತದೆ ಅಂತ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ತೋರಿಸುತ್ತೇನೆ.

'ಕಬ್ಬಿಣ ತುಕ್ಕು ಹಿಡಿಯಲು ಗಾಳಿ ಮತ್ತು ನೀರು ಎರಡೂ ಬೇಕು. ಪ್ರಯೋಗದ ಮೂಲಕ ತೋರಿಸಿ.' ಮೂರು ಅಂಕ. ಮಾದರಿ ಉತ್ತರದಲ್ಲಿ ಮೂರು ಪ್ರನಾಳಗಳಿವೆ. ಮೊದಲನೆಯದರಲ್ಲಿ ಮೊಳೆಗೆ ನೀರೂ ತಾಗುತ್ತದೆ, ಗಾಳಿಯೂ ತಾಗುತ್ತದೆ. ಎರಡನೆಯದರಲ್ಲಿ ಕುದಿಸಿ ಗಾಳಿ ಹೋಗಿಸಿದ ನೀರು, ಮತ್ತೆ ಗಾಳಿ ಸೇರದ ಹಾಗೆ ಮೇಲೊಂದು ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್, ಅಂದರೆ ಒಣ ಗಾಳಿ ಮಾತ್ರ. ತುಕ್ಕು ಹಿಡಿಯುವುದು ಮೊದಲನೆಯ ಮೊಳೆಗೆ. ಜೋಡಣೆಗೆ ಒಂದು ಅಂಕ, ಏನು ಕಂಡಿತು ಅನ್ನುವುದಕ್ಕೆ ಒಂದು, ತೀರ್ಮಾನಕ್ಕೆ ಒಂದು.

ಈಗ ಒಂದು ಮಗು ಪ್ರನಾಳದ ಸುದ್ದಿಯನ್ನೇ ಎತ್ತಿಲ್ಲ. 'ಎರಡು ಮೊಳೆ ತೆಗೆದುಕೊಂಡು ಒಂದಕ್ಕೆ ಬಣ್ಣ ಬಳಿಯಬೇಕು. ಎರಡನ್ನೂ ಒದ್ದೆ ಮಣ್ಣಿನಲ್ಲಿ ಇಡಬೇಕು. ಬಣ್ಣ ಬಳಿದದ್ದು ತುಕ್ಕು ಹಿಡಿಯುವುದಿಲ್ಲ. ಆದ್ದರಿಂದ ಗಾಳಿ, ನೀರು ಎರಡೂ ತಾಗಿದರೆ ತುಕ್ಕು' ಎಂದು ಬರೆದಿದೆ. ಎಷ್ಟು ಕೊಡುತ್ತೀರಿ? ಒಬ್ಬರು 'ಕೀ ಆನ್ಸರ್‌ನಲ್ಲಿ ಇಲ್ಲ' ಎಂದು ಸೊನ್ನೆ ಹಾಕುತ್ತಾರೆ. ಇನ್ನೊಬ್ಬರು ತೀರ್ಮಾನ ಸರಿ ಇದೆ ಎಂದು ಒಂದು ಕೊಡುತ್ತಾರೆ. ಮತ್ತೊಬ್ಬರು, ಮಗು ಸ್ವಂತವಾಗಿ ಯೋಚಿಸಿದೆ, ಕಂಡದ್ದನ್ನೂ ಬರೆದಿದೆ ಎಂದು ಎರಡು ಕೊಡುತ್ತಾರೆ. ನಾನಾದರೆ ಎರಡು ಕೊಡುತ್ತೇನೆ. ಮೂರು ಕೊಡಲಾರೆ. ಯಾಕೆಂದರೆ ಗಾಳಿಯೊಂದೇ ಸಾಲದು, ನೀರೊಂದೇ ಸಾಲದು ಅನ್ನುವುದನ್ನು ಈ ಪ್ರಯೋಗ ಬೇರೆ ಬೇರೆಯಾಗಿ ತೋರಿಸುವುದಿಲ್ಲ. ಈ ಮೂವರೂ ಪ್ರಾಮಾಣಿಕರೇ. ಮೂವರಿಗೂ ವಿಷಯ ಗೊತ್ತು. ಆದರೂ ಒಂದೇ ಪ್ರಶ್ನೆಯಲ್ಲಿ ಎರಡು ಅಂಕದ ಅಂತರ ಬಿತ್ತು.

ಅದಕ್ಕೇ ತಿದ್ದುವ ಮೊದಲು ಎಲ್ಲರೂ ಕೂತು ಕೆಲವು ಪತ್ರಿಕೆಗಳನ್ನು ಒಟ್ಟಿಗೆ ಓದಬೇಕು. 'ಬಣ್ಣದ ಮೊಳೆ ಬರೆದವರಿಗೆ ಇಷ್ಟು' ಅಂತ ಅಲ್ಲೇ ತೀರ್ಮಾನವಾಗಬೇಕು. ಆ ಸಭೆ ಚೆನ್ನಾಗಿ ನಡೆದರೆ ಅರ್ಧ ಜಗಳ ಮುಗಿಯಿತು. ಅವಸರದಲ್ಲಿ ಮುಗಿಸಿದರೆ, ಮಗುವಿನ ಅಂಕ ಅದರ ಪತ್ರಿಕೆ ಯಾರ ಮೇಜಿಗೆ ಹೋಯಿತು ಅನ್ನುವುದರ ಮೇಲೆ ನಿಲ್ಲುತ್ತದೆ. ಕೈ ಬಿಗಿ ಇರುವವರ ಮೇಜಾ, ಧಾರಾಳಿಗಳ ಮೇಜಾ?

ಇದು ಇವತ್ತಿನ ಸಮಸ್ಯೆಯೂ ಅಲ್ಲ. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅವರು ಪ್ರೌಢಶಾಲೆಯ ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿಗಳನ್ನು ನೂರಾರು ಶಾಲೆಗಳಿಗೆ ಕಳುಹಿಸಿ, ಅಲ್ಲಲ್ಲಿನ ಶಿಕ್ಷಕರಿಂದ ತಿದ್ದಿಸಿದರು. ಒಂದೇ ಪತ್ರಿಕೆಗೆ ಒಬ್ಬರು ಕೊಟ್ಟದ್ದು 50, ಇನ್ನೊಬ್ಬರು ಕೊಟ್ಟದ್ದು 90ಕ್ಕೂ ಹೆಚ್ಚು. 'ಭಾಷೆ ಅಂದರೆ ಹಾಗೇ, ಅಭಿರುಚಿ ಬೇರೆ ಇರುತ್ತದೆ' ಎಂದು ಜನ ಹೇಳಿರಬಹುದು. ಮರುವರ್ಷ ಅವರು ರೇಖಾಗಣಿತದ ಪತ್ರಿಕೆ ಕಳುಹಿಸಿದರು. ಅಂತರ ಇನ್ನೂ ಜಾಸ್ತಿಯಾಯಿತು! 30ಕ್ಕಿಂತ ಕಡಿಮೆಯಿಂದ ಹಿಡಿದು 90 ದಾಟಿದವರೆಗೆ. ಅಚ್ಚುಕಟ್ಟಾಗಿಲ್ಲ ಎಂದು ಕೆಲವರು ಅಂಕ ಕಳೆದಿದ್ದರು, ಕೆಲವರು ಕಳೆದಿರಲಿಲ್ಲ. ಯಾವುದಕ್ಕೆ ಎಷ್ಟು ಅಂತ ಮೊದಲೇ ಒಪ್ಪಂದ ಇರದಿದ್ದರೆ ಗಣಿತವೂ ಕಾಪಾಡುವುದಿಲ್ಲ.

ಒಪ್ಪಂದ ಇದ್ದಾಗ ಪರಿಸ್ಥಿತಿ ಎಷ್ಟೋ ಸುಧಾರಿಸುತ್ತದೆ. ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್ 2018ರಲ್ಲಿ ತನ್ನ ನಿಗಾದಲ್ಲಿರುವ ಪರೀಕ್ಷೆಗಳನ್ನು ಅಳೆದು ನೋಡಿತು. ಒಬ್ಬ ಹಿರಿಯ ಪರೀಕ್ಷಕರು ಕೊಡುತ್ತಿದ್ದ ಗ್ರೇಡೇ ವಿದ್ಯಾರ್ಥಿಗೆ ಸಿಗುವ ಸಾಧ್ಯತೆ ಗಣಿತದಲ್ಲಿ ಸುಮಾರು ಶೇ 96. ಇತಿಹಾಸದಲ್ಲಿ ಸುಮಾರು ಶೇ 56. ತರಬೇತಿ, ತಪಾಸಣೆ ಎಲ್ಲಾ ಇದ್ದ ಮೇಲೂ ಉದ್ದುದ್ದ ಬರೆಯುವ ವಿಷಯದಲ್ಲಿ ಇಷ್ಟು. ನಿಮ್ಮ ಮಗಳ ಏಳು ಅಂಕ ಬದಲಾದದ್ದು ಭಾಷೆಯಲ್ಲಿ ಅನ್ನುವುದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಇನ್ನೂ ಕೆಲವು ಸಂಗತಿಗಳಿವೆ. ತುಂಬಾ ಚೆನ್ನಾದ ಪತ್ರಿಕೆಯ ಹಿಂದೆಯೇ ಬಂದ ಸಾಧಾರಣ ಪತ್ರಿಕೆ ಇನ್ನೂ ಸಪ್ಪೆಯಾಗಿ ಕಾಣುತ್ತದೆ. ಅಕ್ಷರ ಮುದ್ದಾಗಿದ್ದರೆ ಉತ್ತರವೂ ಚೆನ್ನಾಗಿದೆ ಅನ್ನಿಸುತ್ತದೆ. ಸಂಜೆಯ ಹೊತ್ತಿಗೆ ಕಣ್ಣು ದಣಿದಿರುತ್ತದೆ. ಅದಕ್ಕಾಗಿಯೇ ಒಳ್ಳೆಯ ವ್ಯವಸ್ಥೆಗಳಲ್ಲಿ ಹೆಸರಿನ ಬದಲು ಕೋಡ್ ಸಂಖ್ಯೆ ಇರುತ್ತದೆ. ಇಬ್ಬರು ಬೇರೆ ಬೇರೆಯಾಗಿ ತಿದ್ದಿ, ಅಂತರ ದೊಡ್ಡದಾದರೆ ಮೂರನೆಯವರಿಗೆ ಕೊಡುತ್ತಾರೆ. ಕಂಪ್ಯೂಟರ್ ಪರದೆಯ ಮೇಲೆ ತಿದ್ದುವ ಕಡೆ, ಮೊದಲೇ ಅಂಕ ನಿಗದಿಯಾದ ಉತ್ತರಗಳನ್ನು ನಡುನಡುವೆ ತೂರಿಸುತ್ತಾರೆ. ತಿದ್ದುವವರಿಗೆ ಅದು ಯಾವುದೆಂದು ಗೊತ್ತಾಗುವುದಿಲ್ಲ. ಅವರು ಹಳಿ ತಪ್ಪಿದರೆ ತಕ್ಷಣ ತಿಳಿಯುತ್ತದೆ. ಈ ಕ್ರಮಗಳಿಗೆ ಹಣ ಬೇಕು, ಸಮಯ ಬೇಕು. ಫಲಿತಾಂಶ ಬೇಗ ಬೇಕು ಅಂತ ನಾವು ಒತ್ತಡ ಹಾಕುವಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ.

ನಿಮಗೆ ಹೇಳುವುದಿಷ್ಟು. ಮಗಳ ಉತ್ತರ ಪತ್ರಿಕೆಯ ಪ್ರತಿ ಸಿಗುವುದಾದರೆ ಮೊದಲು ಅದನ್ನು ತರಿಸಿ, ಮಾದರಿ ಉತ್ತರದ ಪಕ್ಕ ಇಟ್ಟು ಓದಿ. ಒಟ್ಟು ಕೂಡಿಸಿದ್ದು ಸರಿಯಿದೆಯಾ, ತಿದ್ದದೇ ಬಿಟ್ಟ ಪುಟ ಇದೆಯಾ, ಕಡೆಯ ಹಾಳೆಗಳು ಸೇರಿವೆಯಾ ನೋಡಿ. ಇವು ಅಭಿಪ್ರಾಯದ ಮಾತಲ್ಲ, ಬರೀ ಲೆಕ್ಕದ ತಪ್ಪು. ಇವನ್ನು ಬಿಡಲೇಬಾರದು. ಉಳಿದಂತೆ, 71 ಬಂದ ಮಗುವಿಗೂ 75 ಬಂದ ಮಗುವಿಗೂ ಕಲಿಕೆಯಲ್ಲಿ ವ್ಯತ್ಯಾಸ ಇದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 45ಕ್ಕೂ 75ಕ್ಕೂ ಇದೆ. ಅಂಕ ಅಷ್ಟನ್ನು ಹೇಳಬಲ್ಲದು.

ಪ್ರಶ್ನೆ: ನಾನು ಹತ್ತನೇ ತರಗತಿ. ಪಾಠವನ್ನು ನಾಲ್ಕೈದು ಸಲ ಓದುತ್ತೇನೆ, ಎಲ್ಲಾ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಕೂತಾಗ ಖಾಲಿ ಖಾಲಿ. ನಮ್ಮ ಶಾಲೆಯಲ್ಲಿ ವಾರಕ್ಕೊಂದು ಟೆಸ್ಟ್ ಬೇರೆ. ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಪರೀಕ್ಷೆ ಅನ್ನುವುದೇ ಇಲ್ಲದಿದ್ದರೆ ಏನಾಗುತ್ತಿತ್ತು ಮೇಡಂ? — ಒಬ್ಬ ವಿದ್ಯಾರ್ಥಿನಿ

ಉತ್ತರ: ಪುಟ್ಟಾ, ನಿನ್ನಲ್ಲಿ ಕೊರತೆ ಇದೆ ಅಂತ ಅಂದುಕೊಳ್ಳಬೇಡ. ನಾಲ್ಕನೇ ಸಲ ಓದುವಾಗ ಪುಟ ಪರಿಚಯವಾಗಿರುತ್ತದೆ. ಚಿತ್ರ ಎಲ್ಲಿದೆ, ದಪ್ಪಕ್ಷರದ ಸಾಲು ಎಲ್ಲಿದೆ ಅಂತ ಕಣ್ಣಿಗೆ ಗೊತ್ತು. ಆ ಪರಿಚಯವನ್ನೇ ಮನಸ್ಸು 'ಬರುತ್ತದೆ' ಅಂತ ತಿಳಿದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಪುಟ ಎದುರಿಗಿಲ್ಲ. ಒಳಗಿಂದ ಎತ್ತಿ ತರಬೇಕು. ಎತ್ತಿ ತರುವ ಅಭ್ಯಾಸವನ್ನೇ ನೀನು ಮಾಡಿಲ್ಲ, ಅಷ್ಟೆ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಅದನ್ನು ಕೆಲವರು ಮತ್ತೊಮ್ಮೆ ಓದಿದರು. ಉಳಿದವರು ಅದನ್ನು ಪಕ್ಕಕ್ಕಿಟ್ಟು, ನೆನಪಿದ್ದದ್ದನ್ನು ಖಾಲಿ ಹಾಳೆಯಲ್ಲಿ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಎಲ್ಲಾ ತಿರುಗಿತು. ಮತ್ತೆ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 42, ಬರೆದು ನೋಡಿದವರಿಗೆ ಸುಮಾರು ಶೇ 56. ಬರೆದದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸುಮ್ನೆ ನೆನಪು ಮಾಡಿಕೊಂಡು ಬರೆದದ್ದಕ್ಕೇ ಅಷ್ಟು ಲಾಭ.

ಹಾಗಾದರೆ ಟೆಸ್ಟ್ ಅನ್ನುವುದು ಕಲಿಯುವ ದಾರಿಯೂ ಹೌದು. ನಿನಗೆ ಸಂಕಟ ಬರುವುದು ಟೆಸ್ಟ್ ಮುಗಿದ ಮೇಲೆ ನಡೆಯುವುದರಿಂದ. ತರಗತಿಯಲ್ಲಿ ಅಂಕ ಕೂಗಿ ಹೇಳುವುದು, ಗೋಡೆಗೆ ಪಟ್ಟಿ ಅಂಟಿಸುವುದು, ಮನೆಗೆ ಸಂದೇಶ ಕಳುಹಿಸುವುದು. ಇವನ್ನೆಲ್ಲ ತೆಗೆದುಬಿಟ್ಟರೆ ವಾರದ ಟೆಸ್ಟ್‌ನಷ್ಟು ಒಳ್ಳೆಯ ಸಹಾಯ ಇನ್ನೊಂದಿಲ್ಲ. ಈ ಮಾತನ್ನು ನಿನ್ನ ಟೀಚರ್‌ಗೂ ಓದಿ ಹೇಳು. ನಾನು ಹೇಳಿದೆ ಅಂತಲೇ ಹೇಳು.

ನಾಳೆಯಿಂದ ಹೀಗೆ ಮಾಡು. ಪಾಠ ಒಂದು ಸಲ ಗಮನವಿಟ್ಟು ಓದು. ಪುಸ್ತಕ ಮುಚ್ಚು. ಹಾಳೆ ತೆಗೆದು ನೆನಪಿದ್ದಷ್ಟು ಬರೆ, ಚಿತ್ರ ಇದ್ದರೆ ಬಿಡಿಸು. ತಡವರಿಸಿದರೂ ಪುಸ್ತಕ ತೆರೆಯಬೇಡ, ಇನ್ನೊಂದೆರಡು ನಿಮಿಷ ಒದ್ದಾಡು. ಆ ಒದ್ದಾಟದಲ್ಲೇ ಕೆಲಸ ಆಗುತ್ತಿರುತ್ತದೆ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸು. ಎರಡು ದಿನ ಬಿಟ್ಟು ಹೊಸ ಹಾಳೆಯಲ್ಲಿ ಮತ್ತೆ ಬರೆ. ಬೇರೆ ಬಣ್ಣದ ಸಾಲು ಕಡಿಮೆಯಾಗುತ್ತಾ ಹೋಗುವುದು ನಿನಗೇ ಕಾಣುತ್ತದೆ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಪ್ರಶ್ನೆ: ಮಗನನ್ನು ಪ್ರೌಢಶಾಲೆಗೆ ಸೇರಿಸಬೇಕು. ಒಂದು ಶಾಲೆಯದು ಪ್ರತಿವರ್ಷ ನೂರಕ್ಕೆ ನೂರು ರಿಸಲ್ಟ್. ಹತ್ತಿರದ ಇನ್ನೊಂದರದು 86. ಮನೆಯಲ್ಲಿ ಎಲ್ಲರೂ ಮೊದಲನೆಯದೇ ಅನ್ನುತ್ತಿದ್ದಾರೆ. ಯೋಚಿಸುವುದಕ್ಕೆ ಇನ್ನೇನಿದೆ? — ಒಬ್ಬ ತಂದೆ

ಉತ್ತರ: ಇದೆ, ಬೇಕಾದಷ್ಟಿದೆ. ದಯವಿಟ್ಟು ಆ ಎರಡು ಸಂಖ್ಯೆಗಳನ್ನು ನೋಡಿ ಮಾತ್ರ ನಿರ್ಧಾರ ಮಾಡಬೇಡಿ.

ಮೊದಲು ಈ ಲೆಕ್ಕ ಕೇಳಿ. ಒಂದು ಶಾಲೆಯ ಎಂಟನೇ ತರಗತಿಗೆ 120 ಮಕ್ಕಳು ಸೇರಿದರು ಎಂದುಕೊಳ್ಳಿ. ಹತ್ತನೇ ತರಗತಿಯ ಪರೀಕ್ಷೆಗೆ ಕೂತವರು 96. ಎಲ್ಲರೂ ಪಾಸು. ಫಲಕದ ಮೇಲೆ 100 ಅಂತ ಬರೆಯುತ್ತಾರೆ. ಉಳಿದ 24 ಮಕ್ಕಳು ಎಲ್ಲಿ ಹೋದರು? ಒಂಬತ್ತರಲ್ಲಿ ಫೇಲ್ ಮಾಡಿ ನಿಲ್ಲಿಸಿದರಾ? ಟಿಸಿ ಕೊಟ್ಟು ಕಳುಹಿಸಿದರಾ? ಇನ್ನೊಂದು ಶಾಲೆ ಬಂದವರನ್ನೆಲ್ಲ ಇಟ್ಟುಕೊಂಡು, 120 ಮಕ್ಕಳನ್ನೂ ಕೂರಿಸಿ, 103 ಮಂದಿಯನ್ನು ಪಾಸು ಮಾಡಿಸಿತು. ಅದಕ್ಕೆ 86. ಒಂದೇ ಸಂಖ್ಯೆಯ ಮಕ್ಕಳಿಂದ ಶುರು ಮಾಡಿ 103 ಮಂದಿಯನ್ನು ದಡ ಸೇರಿಸಿದ ಶಾಲೆಯ ಅಂಕಿ, 96 ಮಂದಿಯನ್ನು ಸೇರಿಸಿದ ಶಾಲೆಯದಕ್ಕಿಂತ ಕೆಳಗಿದೆ. ಎರಡು ಶಾಲೆಗಳಲ್ಲೂ ಈ ಒಂದೇ ಪ್ರಶ್ನೆ ಕೇಳಿ: ಸೇರಿದವರೆಷ್ಟು, ಪರೀಕ್ಷೆಗೆ ಕೂತವರೆಷ್ಟು? ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ಅದೇ ಒಂದು ಉತ್ತರ.

ಎರಡನೆಯದು, ಬಾಗಿಲಲ್ಲಿ ಯಾರನ್ನು ಒಳಗೆ ಬಿಡುತ್ತಾರೆ ಅನ್ನುವುದು. ಪ್ರವೇಶ ಪರೀಕ್ಷೆ ಇಟ್ಟು, ಪಾಲಕರನ್ನು ಸಂದರ್ಶನ ಮಾಡಿ, ಮೊದಲೇ 90 ತೆಗೆಯುವ ಮಕ್ಕಳನ್ನು ಆರಿಸಿಕೊಂಡರೆ ಮೂರು ವರ್ಷ ಬಿಟ್ಟೂ 90 ಬರುತ್ತದೆ. ಅದರಲ್ಲಿ ಶಾಲೆಯ ಪಾಲು ಎಷ್ಟು? 1966ರಲ್ಲಿ ಜೇಮ್ಸ್ ಕೋಲ್‌ಮನ್ ನೇತೃತ್ವದಲ್ಲಿ ಅಮೆರಿಕದ ಸುಮಾರು 4,000 ಶಾಲೆಗಳ ಸಮೀಕ್ಷೆ ನಡೆಯಿತು. ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮನೆಯ ಹಿನ್ನೆಲೆಯೇ ಬಹಳ ದೊಡ್ಡ ಕಾರಣ ಅಂತ ಅದು ಕಂಡುಕೊಂಡಿತು. ಆ ವರದಿಯ ಬಗ್ಗೆ ಇವತ್ತಿಗೂ ವಾದ ಇದೆ. ಆದರೆ ಒಂದು ಶಾಲೆಯ ರಿಸಲ್ಟ್ ಅನ್ನು ನೋಡಿದ ಕೂಡಲೇ 'ಇದೆಲ್ಲ ಶಾಲೆ ಕಲಿಸಿದ್ದು' ಅನ್ನಲು ಬರುವುದಿಲ್ಲ ಅನ್ನುವುದು ಅಲ್ಲಿಂದಾಚೆಗೆ ಗಟ್ಟಿಯಾಯಿತು. ಅದಕ್ಕೇ ಕೆಲವು ದೇಶಗಳಲ್ಲಿ ಮಗು ಬಂದಾಗ ಎಲ್ಲಿತ್ತು, ಹೋಗುವಾಗ ಎಲ್ಲಿದೆ ಅಂತ ಪ್ರಗತಿಯನ್ನು ಲೆಕ್ಕ ಹಾಕುತ್ತಾರೆ. 2016ರಿಂದ ಇಂಗ್ಲೆಂಡ್ ಬಳಸಿದ 'ಪ್ರೋಗ್ರೆಸ್ 8' ಅಂಥದ್ದೇ. ಅದರಲ್ಲೂ ಓರೆಕೋರೆ ಇದೆ, ಆದರೆ ಪ್ರಶ್ನೆ ಸರಿಯಾದದ್ದು.

ಶಾಲೆ ಚಿಕ್ಕದಾಗಿದ್ದರೆ ಇನ್ನೊಂದು ಎಚ್ಚರಿಕೆ. 20 ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಜ್ವರ ಬಂದು ಪರೀಕ್ಷೆ ಕೆಡಿಸಿಕೊಂಡರೆ ರಿಸಲ್ಟ್ ಐದು ಇಳಿಯುತ್ತದೆ. ಹೀಗಾಗಿ ಪಟ್ಟಿಯ ತುತ್ತತುದಿಯಲ್ಲೂ ಚಿಕ್ಕ ಶಾಲೆಗಳೇ ಜಾಸ್ತಿ, ತಳದಲ್ಲೂ ಅವೇ ಜಾಸ್ತಿ. ಒಂದು ವರ್ಷದ ಅಂಕಿ ನೋಡಬೇಡಿ, ಕನಿಷ್ಠ ನಾಲ್ಕೈದು ವರ್ಷದ್ದು ನೋಡಿ.

ಆಮೇಲೆ ಎರಡೂ ಶಾಲೆಗೆ ಹೋಗಿ ಪ್ರಯೋಗಾಲಯದ ಬಾಗಿಲು ತೆಗೆಸಿ. ಬೀಕರುಗಳ ಮೇಲೆ ಧೂಳು ಕೂತಿದೆಯಾ, ಬಳಕೆಯ ಕಲೆ ಇದೆಯಾ ಅಂತ ನೋಡಿ. ಬಳಸಿದ ಬೀಕರಿನ ತಳದಲ್ಲಿ ಕಲೆ ಇದ್ದೇ ಇರುತ್ತದೆ. ಪಾಸಾಗದ ಮಕ್ಕಳಿಗೆ ಆ ಶಾಲೆ ಏನು ಮಾಡಿತು ಅಂತ ಕೇಳಿ. ನಿಮ್ಮ ಮಗ ನಾಳೆ ಎಡವಿದರೆ ಅವನನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು ಅಲ್ಲಿ ತಿಳಿಯುತ್ತದೆ.

ಪ್ರಶ್ನೆ: ನಾನು ಗಣಿತ ಶಿಕ್ಷಕ. ನನ್ನ ಇನ್‌ಕ್ರಿಮೆಂಟ್ ನನ್ನ ತರಗತಿಯ ರಿಸಲ್ಟ್ ಮೇಲೆ ನಿಂತಿದೆ. ಈ ವರ್ಷ 'ವೀಕ್ ಇರುವ ಆರು ಮಕ್ಕಳನ್ನು ಹೊರಗಿನಿಂದ ಕಟ್ಟಿಸಿ', ಅಂದರೆ ಶಾಲೆಯ ಲೆಕ್ಕಕ್ಕೆ ಬಾರದ ಹಾಗೆ ಖಾಸಗಿಯಾಗಿ ಪರೀಕ್ಷೆಗೆ ಕೂರಿಸಿ ಎಂದು ಸೂಚನೆ ಬಂದಿದೆ. ಆ ಮಕ್ಕಳ ಮುಖ ನೋಡಲಾಗುತ್ತಿಲ್ಲ. — ಹೆಸರು ಬೇಡ

ಉತ್ತರ: ಸರ್, ಆ ಆರು ಮಕ್ಕಳನ್ನು ಬಿಡಬೇಡಿ. ಇದನ್ನು ಮೊದಲು ಹೇಳಿ ಉಳಿದದ್ದು ಆಮೇಲೆ ಹೇಳುತ್ತೇನೆ. ಅವರು ಶಾಲೆಯೊಳಗೆ ಇರುವ ಕೊನೆಯ ವರ್ಷ ಇದೇ ಆಗಬಹುದು.

ನಿಮ್ಮ ಆಡಳಿತ ಮಂಡಳಿ ಹೊಸದೇನನ್ನೂ ಕಂಡುಹಿಡಿದಿಲ್ಲ. ರಿಸಲ್ಟ್‌ಗೆ ಹಣ ಕಟ್ಟುವ ಕೆಲಸವನ್ನು 1862ರಲ್ಲೇ ಇಂಗ್ಲೆಂಡ್ ತನ್ನ ಪ್ರಾಥಮಿಕ ಶಾಲೆಗಳಲ್ಲಿ ಮಾಡಿತು. ಇನ್‌ಸ್ಪೆಕ್ಟರ್ ಬಂದು ಮಕ್ಕಳಿಗೆ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡುವುದು. ಪಾಸಾದ ತಲೆಗಿಷ್ಟು ಅಂತ ಅನುದಾನ. ಏನಾಯಿತು? ಹಣ ಬರುವ ಆ ಮೂರನ್ನೇ ಅರೆದು ಕುಡಿಸಿದರು. ಇತಿಹಾಸ, ಭೂಗೋಳ, ವಿಜ್ಞಾನ ಮೂಲೆ ಸೇರಿದವು. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು. ಅವರು ಇದನ್ನು ವರ್ಷಗಟ್ಟಲೆ ವಿರೋಧಿಸಿದರು. ಆ ಪದ್ಧತಿ ಪೂರ್ತಿ ಹೋಗಲು 1890ರ ದಶಕ ಬರಬೇಕಾಯಿತು.

ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಇದಕ್ಕೊಂದು ಸೂತ್ರವನ್ನೇ ಕೊಟ್ಟರು. ಒಂದು ಅಂಕಿಯ ಮೇಲೆ ದೊಡ್ಡ ನಿರ್ಧಾರಗಳನ್ನು ಕಟ್ಟಿದಷ್ಟೂ ಆ ಅಂಕಿಯೇ ಕೆಡುತ್ತದೆ, ಅದು ಅಳೆಯಬೇಕಾದ ಕೆಲಸವೂ ಕೆಡುತ್ತದೆ ಅಂತ. ಅದೇ ದೇಶದ ಅಟ್ಲಾಂಟಾ ನಗರದಲ್ಲಿ ಅದು ಕಣ್ಣಿಗೆ ರಾಚುವ ಹಾಗೆ ನಡೆಯಿತು. 2009ರ ಪರೀಕ್ಷೆಯಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ಗುರುತು ಮಾಡಿದ ಹಾಳೆಗಳು ಅಸಹಜವಾಗಿ ಜಾಸ್ತಿ ಇದ್ದವು. ತನಿಖೆ ನಡೆದು 2011ರಲ್ಲಿ ವರದಿ ಬಂತು. ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ವಂಚನೆ ನಡೆದಿತ್ತು. 178 ಶಿಕ್ಷಕರು, ಮುಖ್ಯಶಿಕ್ಷಕರ ಹೆಸರು ಅದರಲ್ಲಿತ್ತು. 2015ರಲ್ಲಿ 11 ಮಂದಿಗೆ ಅಪರಾಧ ಸಾಬೀತಾಯಿತು. ಇವರೆಲ್ಲ ಹುಟ್ಟಾ ವಂಚಕರು ಅಂತ ನಾನು ನಂಬುವುದಿಲ್ಲ. ಗುರಿ ಮುಟ್ಟದಿದ್ದರೆ ಕೆಲಸ ಹೋಗುತ್ತದೆ ಅನ್ನುವ ಒತ್ತಡದಲ್ಲಿ ಅವರಿದ್ದರು. ನಷ್ಟವಾದದ್ದು ಮಕ್ಕಳಿಗೆ. ಪಾಸು ಅಂತ ಬಂದಿದ್ದರಿಂದ ಅವರಿಗೆ ಸಿಗಬೇಕಿದ್ದ ಹೆಚ್ಚಿನ ಸಹಾಯ ಸಿಗಲೇ ಇಲ್ಲ.

ಆಡಳಿತ ಮಂಡಳಿಯ ಮುಂದೆ ಇಡಲು ನಿಮಗೊಂದು ಗಟ್ಟಿ ಮಾತು ಬೇಕಿದ್ದರೆ ಇಲ್ಲಿದೆ. 2014ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ ಒಂದು ಹೇಳಿಕೆ ಕೊಟ್ಟಿತು. ಪರೀಕ್ಷೆಯ ಅಂಕಗಳಲ್ಲಿ ಕಾಣುವ ಏರಿಳಿತದಲ್ಲಿ ಶಿಕ್ಷಕರ ಪಾಲು ಶೇ 1ರಿಂದ 14ರಷ್ಟು ಎಂದು ಹೆಚ್ಚಿನ ಅಧ್ಯಯನಗಳು ಹೇಳುತ್ತವೆ, ಸುಧಾರಣೆಗೆ ಹೆಚ್ಚು ಅವಕಾಶ ಇರುವುದು ಒಟ್ಟು ವ್ಯವಸ್ಥೆಯಲ್ಲಿ ಅಂತ. ಸಂಖ್ಯೆಗಳನ್ನೇ ಉಸಿರಾಡುವ ಜನ ಹೇಳಿದ ಮಾತಿದು.

ಬರೀ ಬೇಡ ಅಂದರೆ ಅವರು ಕೇಳಲಿಕ್ಕಿಲ್ಲ. ಬದಲಿಗೆ ಏನು ಮಾಡುತ್ತೀರಿ ಅಂತ ಹೇಳಿ. ಕಳೆದ ಟೆಸ್ಟ್‌ನ ಪತ್ರಿಕೆಗಳನ್ನು ಪ್ರಶ್ನೆವಾರು ಬಿಡಿಸಿ. ನಾಲ್ಕನೇ ಪ್ರಶ್ನೆಯನ್ನು 40ರಲ್ಲಿ 31 ಮಕ್ಕಳು ತಪ್ಪು ಮಾಡಿದ್ದರೆ ಅದು ಮಕ್ಕಳ ಸಮಸ್ಯೆ ಅಲ್ಲ, ಆ ಪಾಠವನ್ನು ಮತ್ತೆ ಮಾಡಬೇಕು. ಚೆನ್ನಾಗಿ ಓದುವವರು ತಪ್ಪಿ, ಉಳಿದವರು ಸರಿ ಮಾಡಿದ್ದರೆ ಪ್ರಶ್ನೆಯಲ್ಲೇ ದೋಷ ಇರಬಹುದು. ನಿಮ್ಮ ಆರು ಮಕ್ಕಳು ಎಲ್ಲಿ ನಿಂತಿದ್ದಾರೆ ಅಂತಲೂ ಗೊತ್ತಾಗುತ್ತದೆ. ಬಹಳ ಸಲ ಅದು ಬೀಜಗಣಿತ ಆಗಿರುವುದಿಲ್ಲ, ಭಿನ್ನರಾಶಿಯಲ್ಲೇ ಕೊಂಡಿ ಕಳಚಿರುತ್ತದೆ. ಅಲ್ಲಿಂದ ಶುರು ಮಾಡಿದರೆ ಆರರಲ್ಲಿ ನಾಲ್ವರಾದರೂ ಮೇಲೆ ಬರುತ್ತಾರೆ ಅನ್ನುವ ಭರವಸೆ ನನಗಿದೆ.

ಪ್ರಶ್ನೆ: ಪಿಸಾ ಪರೀಕ್ಷೆ ಬಗ್ಗೆ ಪತ್ರಿಕೆಗಳಲ್ಲಿ ಓದುತ್ತೇನೆ. ಮಗು ಅದನ್ನು ಬರೆದರೂ ಅಂಕಪಟ್ಟಿ ಕೊಡುವುದಿಲ್ಲವಂತೆ. ಅಂಥ ಪರೀಕ್ಷೆ ಯಾತಕ್ಕೆ? — ಒಬ್ಬ ಓದುಗ

ಉತ್ತರ: ಅದು ಮಗುವನ್ನು ಅಳೆಯಲು ಮಾಡಿದ್ದೇ ಅಲ್ಲ. ಹಲವು ದೇಶಗಳ ಆರ್ಥಿಕ ಸಹಕಾರ ಒಕ್ಕೂಟವಾದ ಒಇಸಿಡಿ 2000ದಿಂದ ನಡೆಸುತ್ತಿರುವ ಈ ಪರೀಕ್ಷೆಗೆ 15 ವರ್ಷದ ಮಕ್ಕಳಲ್ಲಿ ಕೆಲವರನ್ನು ಮಾತ್ರ ಆರಿಸುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆಗಳಿರುವುದಿಲ್ಲ. ಎಲ್ಲರ ಉತ್ತರ ಕೂಡಿಸಿದರೆ ಒಂದು ದೇಶದ ಓದು, ಗಣಿತ, ವಿಜ್ಞಾನದ ಚಿತ್ರ ಸಿಗುತ್ತದೆ. ಯಾವ ಮಗುವಿಗೂ ಅದರಿಂದ ಲಾಭ ನಷ್ಟ ಇಲ್ಲದ್ದರಿಂದ ಯಾರೂ ಬಾಯಿಪಾಠ ಮಾಡಿಸುವುದಿಲ್ಲ. ನನಗೆ ಅದರಲ್ಲಿ ಇಷ್ಟವಾಗುವುದು ಅದೇ. ಇಷ್ಟವಾಗದ್ದು, ದೇಶಗಳ ರ‍್ಯಾಂಕ್ ಪಟ್ಟಿಗೆ ಸುದ್ದಿಯಲ್ಲಿ ಸಿಗುವ ಜಾಗ.

ಪ್ರಶ್ನೆ: ಮೂರು ಗಂಟೆಯ ಪರೀಕ್ಷೆಗಿಂತ ವರ್ಷವಿಡೀ ನೋಡಿದ ಶಿಕ್ಷಕರಿಗೇ ಮಗು ಚೆನ್ನಾಗಿ ಗೊತ್ತಿರುತ್ತದೆ ಅಲ್ವಾ? ಅವರೇ ಅಂಕ ಕೊಟ್ಟರೆ ಆಗದೇ? — ಒಬ್ಬ ಅಜ್ಜ

ಉತ್ತರ: ಗೊತ್ತಿರುತ್ತದೆ. ಆದರೆ ಗೊತ್ತಿರುವವರಿಗೆ ಪ್ರೀತಿಯೂ ಇರುತ್ತದೆ, ಕೋಪವೂ ಇರುತ್ತದೆ, ಪಾಲಕರ ಒತ್ತಡವೂ ಇರುತ್ತದೆ. 2020ರಲ್ಲಿ ಕೊರೊನಾ ಕಾರಣಕ್ಕೆ ಇಂಗ್ಲೆಂಡಿನಲ್ಲಿ ಎ ಲೆವೆಲ್, ಅಂದರೆ ನಮ್ಮ ಪಿಯುಸಿಯಂಥ ಪರೀಕ್ಷೆ ರದ್ದಾಯಿತು. ಶಿಕ್ಷಕರು ಗ್ರೇಡ್ ಅಂದಾಜು ಮಾಡಿ ಕಳುಹಿಸಿದರು. ಅವು ಹಿಂದಿನ ವರ್ಷಗಳಿಗಿಂತ ತುಂಬಾ ಉದಾರವಾಗಿದ್ದವು. ಅದನ್ನು ಸರಿಪಡಿಸಲು ಒಂದು ಗಣಕ ಸೂತ್ರ ಬಳಸಿದರು. ಆ ಸೂತ್ರ ನೋಡಿದ್ದು ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನು. ಅಂದರೆ ಹಿಂದೆ ಕಡಿಮೆ ಫಲಿತಾಂಶ ಬಂದ ಶಾಲೆಯಲ್ಲಿ ಒಬ್ಬ ಜಾಣ ಹುಡುಗಿ ಇದ್ದರೆ, ಅವಳಿಗಿಂತ ಮೊದಲು ಅಲ್ಲಿ ಓದಿದವರು ತೆಗೆದ ಅಂಕ ಅವಳ ಗ್ರೇಡನ್ನು ಕೆಳಗೆಳೆಯಿತು. ಸುಮಾರು ಶೇ 40ರಷ್ಟು ಗ್ರೇಡುಗಳು ಇಳಿದವು. ತರಗತಿ ತೀರಾ ಚಿಕ್ಕದಿದ್ದ ಕಡೆ ಶಿಕ್ಷಕರ ಅಂದಾಜನ್ನೇ ಒಪ್ಪಿದ್ದರಿಂದ, ಅಂಥ ತರಗತಿಗಳಿರುವ ಖಾಸಗಿ ಶಾಲೆಗಳಿಗೆ ಅನುಕೂಲವಾಯಿತು. ಆಗಸ್ಟ್ 13ಕ್ಕೆ ಫಲಿತಾಂಶ ಬಂತು. ಮಕ್ಕಳು ಬೀದಿಗಿಳಿದರು. 17ಕ್ಕೆ ಸರ್ಕಾರ ಅದನ್ನು ಕೈಬಿಟ್ಟು ಶಿಕ್ಷಕರ ಗ್ರೇಡನ್ನೇ ಕೊಟ್ಟಿತು.

ಶಾಲೆಯ ಅಂಕಿಯನ್ನು ಮಗುವಿನ ತಲೆಗೆ ಕಟ್ಟಬಾರದು, ಮಗುವಿನ ಅಂಕವನ್ನು ಶಾಲೆಯ ಅಥವಾ ಶಿಕ್ಷಕರ ಕೊರಳಿಗೆ ಕಟ್ಟಬಾರದು. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. ಈ ತಿಂಗಳ ಎಲ್ಲಾ ಪತ್ರಗಳಿಗೂ ನಾನು ಹೇಳುತ್ತಿರುವುದು ಇದನ್ನೇ.

ನೀವು ಕೇಳಿದ್ದಕ್ಕೆ ನಡುವಿನ ದಾರಿಯೂ ಇದೆ ಅಜ್ಜ. ಫಿನ್ಲೆಂಡಿನಲ್ಲಿ ನಮ್ಮ ಪಿಯುಸಿಯಂಥ ಹಿರಿಯ ಪ್ರೌಢ ಹಂತದ ಕೊನೆಗೆ ಒಂದೇ ಒಂದು ರಾಷ್ಟ್ರೀಯ ಪರೀಕ್ಷೆ ಇದೆ. ಅದರ ಇತಿಹಾಸ 1852ಕ್ಕೆ ಹೋಗುತ್ತದೆ. ಉತ್ತರಗಳನ್ನು ಮೊದಲು ಮಗುವಿನ ಶಾಲೆಯ ಶಿಕ್ಷಕರೇ ತಿದ್ದುತ್ತಾರೆ. ಆಮೇಲೆ ರಾಷ್ಟ್ರೀಯ ಮಂಡಳಿಯ ಪರೀಕ್ಷಕರು ತಿದ್ದಿ ಅಂತಿಮ ಅಂಕ ಕೊಡುತ್ತಾರೆ. ಮಗುವನ್ನು ಬಲ್ಲ ಕಣ್ಣೂ ಇತ್ತು, ಅವನ ಪರಿಚಯವಿಲ್ಲದ ಕಣ್ಣೂ ಇತ್ತು.

ಪ್ರಶ್ನೆ: ನಾನು ಶಾಲಾ ಸಮಿತಿಗೆ ಹೊಸಬ. ಶಾಲೆಯ ಗುಣಮಟ್ಟ ಪರಿಶೀಲಿಸಲು ನಮ್ಮನ್ನು ಕರೆದಿದ್ದಾರೆ. ನನಗೆ ಬೋಧನೆಯ ಅನುಭವ ಇಲ್ಲ. ಏನು ನೋಡಲಿ? — ಸಮಿತಿ ಸದಸ್ಯ

ಉತ್ತರ: ಕೊನೆಗೆ ಒಂದೇ ಪದದಲ್ಲಿ ತೀರ್ಪು ಕೊಡುವ ಫಾರಂ ಕೊಟ್ಟರೆ ತುಂಬಬೇಡಿ. ಇಂಗ್ಲೆಂಡಿನ ಶಾಲಾ ತಪಾಸಣೆ ಸಂಸ್ಥೆ ಆಫ್‌ಸ್ಟೆಡ್ ವರ್ಷಾನುಗಟ್ಟಲೆ ಇಡೀ ಶಾಲೆಗೆ 'ಅತ್ಯುತ್ತಮ', 'ಸುಧಾರಣೆ ಬೇಕು' ಅಂತ ಒಂದು ಮುದ್ರೆ ಒತ್ತುತ್ತಿತ್ತು. 2024ರ ಸೆಪ್ಟೆಂಬರ್‌ನಿಂದ ಸರ್ಕಾರಿ ಶಾಲೆಗಳಿಗೆ ಅದನ್ನು ನಿಲ್ಲಿಸಿದರು.

ನೀವು ನೋಟ್‌ಬುಕ್ ನೋಡಿ. ಶಾಲೆಯವರು ಆರಿಸಿ ಕೊಟ್ಟವು ಬೇಡ, ಹಾಜರಿ ಪುಸ್ತಕದಲ್ಲಿ ನೀವೇ ಹತ್ತು ಹೆಸರಿಗೆ ಬೆರಳಿಟ್ಟು ತರಿಸಿ. ಬರೀ ಟಿಕ್ ಮತ್ತು ಸಹಿ ಇದೆಯಾ, ಏನು ತಪ್ಪಾಗಿದೆ ಅಂತ ಒಂದು ಸಾಲಾದರೂ ಬರೆದಿದ್ದಾರಾ ನೋಡಿ. 1988ರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ ಕೊಟ್ಟರು. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಬರೀ ಟಿಪ್ಪಣಿ ಪಡೆದವರು. ಎರಡೂ ಪಡೆದವರು ಸುಧಾರಿಸಲಿಲ್ಲ. ಅಂಕ ಕಂಡ ಮೇಲೆ ಮಕ್ಕಳು ಟಿಪ್ಪಣಿ ಓದುವುದಿಲ್ಲ ಅಂತ ನನಗೂ ಅನುಭವದಿಂದ ಗೊತ್ತು.

ಟಿಪ್ಪಣಿ ಇದ್ದರೆ ಪುಟ ತಿರುವಿ. ಅದನ್ನು ಓದಿ ಮಗು ಆ ಉತ್ತರವನ್ನು ಮತ್ತೆ ಬರೆದಿದೆಯಾ ಅಂತ ನೋಡಿ. ಹತ್ತರಲ್ಲಿ ಎಷ್ಟು ನೋಟ್‌ಬುಕ್‌ಗಳಲ್ಲಿ ಹಾಗೆ ಮತ್ತೆ ಬರೆದದ್ದು ಸಿಕ್ಕಿತು ಎಂದು ವರದಿಯಲ್ಲಿ ಮೊದಲು ಅದನ್ನೇ ಬರೆಯಿರಿ.